ದುಬೈ ವಿಸಿಟ್ ವೀಸಾ ಮುಗೀತಾ ಬಂತು, ತಮ್ಮನ್ನ ಬಸ್ಸಲ್ಲಿ ಒಮಾನ್ ಬಾರ್ಡರಿಗೆ ಕಳಿಸಿ ವಾಪಸ್ ಕರ್ಕೊಂಡ್ ಬರ್ತೀವಿ ಅಂತಾರೆ, ಹೋಗಬಹುದಾ?

ಶಿಡ್ಲಘಟ್ಟದಕ್ಕ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟ, ಮನೇಲಿ ರೇಷ್ಮೆ ಬಿಚ್ಚಾಣಿಕೆ ಕೆಲಸ. ನನ್ನ ತಮ್ಮ ಐಟಿಐ ಮಾಡ್ಕೊಂಡು ಎಸಿ ರಿಪೇರಿ ಕಲ್ತಿದಾನೆ, 60 ದಿನದ ವಿಸಿಟ್ ವೀಸಾ ಮೇಲೆ ಕೆಲಸ ಹುಡ್ಕಕ್ಕೆ ಅಂತ ದುಬೈಗೆ ಹೋಗಿ ಇವತ್ತಿಗೆ 51 ದಿನ. ದೇವರ ದಯೆಯಿಂದ ಒಂದು ಮೇಂಟೆನೆನ್ಸ್ ಕಂಪನೀಲಿ ಕೆಲಸ ಸಿಕ್ಕಿದೆ, ಆಫರ್ ಲೆಟರಿಗೆ ಸೈನೂ ಮಾಡಿದಾನೆ. ಈಗ ಕಂಪನಿಯವರು ಹೇಳೋದೇನು ಅಂದ್ರೆ ಒಳಗಡೆನೇ ವೀಸಾ ಬದಲಾಯ್ಸಿದ್ರೆ ಖರ್ಚು ಜಾಸ್ತಿ, ನೀನು ಒಂದ್ಸಲ ದೇಶ ಬಿಟ್ಟು ಹೊರಗೆ ಹೋಗಿ ಹೊಸ ವೀಸಾದಲ್ಲಿ ಒಳಗೆ ಬಾ ಅಂತ. ಅವರೇ ಒಬ್ಬ ಏಜೆಂಟ್ ಹತ್ರ ಕಳಿಸಿದಾರೆ. ಏಜೆಂಟ್ ಹೇಳ್ತಾನೆ ಈ ಶುಕ್ರವಾರ ಬಸ್ ಹತ್ತು, ಒಮಾನ್ ಬಾರ್ಡರ್ ದಾಟು, ಹೊಸ ವೀಸಾ ನೀನು ಅಲ್ಲಿರೋವಾಗ ವಾಟ್ಸಾಪಿಗೆ ಬರತ್ತೆ, ತೋರ್ಸಿ ವಾಪಸ್ ಬಾ, ಒಂದೇ ದಿನದ ಕೆಲಸ ಅಂತ.

ಬಾರ್ಡರ್ ಅಂದ ತಕ್ಷಣ ನಮ್ಮಮ್ಮ ಊಟನೇ ಸರಿಯಾಗಿ ಮಾಡ್ತಿಲ್ಲ. ಗೋಡೆ ಕ್ಯಾಲೆಂಡರಲ್ಲಿ ಮುಂದಿನ ಬುಧವಾರದ ಮೇಲೆ ಪೆನ್ಸಿಲಲ್ಲಿ ಸುತ್ತು ಹಾಕಿಟ್ಟಿದಾರೆ, ಅವತ್ತಿಗೆ 60 ದಿನ. ನಂಗೂ ಏನೂ ಗೊತ್ತಾಗ್ತಿಲ್ಲ. ಅಲ್ಲಿದ್ದು ಬಂದೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಗುಬ್ಬಿ_ಗೌಡ · ರಾತ್ರಿ 9:52

ಅಕ್ಕ ಭಯ ಪಡ್ಬೇಡಿ, ನಾನು ಎರಡು ಸಲ ಮಾಡಿದೀನಿ. ಬೆಳಗಿನ ಜಾವ ಬಸ್ ಹತ್ತಿದೆ, ರಾತ್ರಿ ರೂಮಲ್ಲಿ ಮಲಗಿದ್ದೆ.

ದೇರಾದಲ್ಲಿ_ಬಂಗಾರಪೇಟೆ · ರಾತ್ರಿ 10:15

ಗುಬ್ಬಿ ಅಣ್ಣ ಹೇಳಿದ್ದು ಸರಿ ಆದ್ರೆ ಅರ್ಧ. ನಾನು 11 ವರ್ಷದಿಂದ ಇಲ್ಲೇ ಇದೀನಿ, ನಮ್ಮ ರೂಮಿಂದನೇ ಹತ್ತಾರು ಜನ ಹಿಂಗೆ ಹೋಗಿ ಬಂದಿದಾರೆ. ಅಕ್ಕ, ನೀವು ಬರ್ದಿರೋದ್ರಲ್ಲಿ ಒಂದೇ ಒಂದು ಮಾತು ನಂಗೆ ಹಿಡಿಸ್ಲಿಲ್ಲ. "ವೀಸಾ ನೀನು ಅಲ್ಲಿರೋವಾಗ ಬರತ್ತೆ" ಅಂತಾನಲ್ಲ ಅದು. ಅದನ್ನ ಒಪ್ಕೋಬೇಡಿ.

ಬಾರ್ಡರ್ ಅಂದ್ರೆ ಏನೂ ಇಲ್ಲ. ದುಬೈಯಿಂದ ಹತ್ತಾ ಅಂತ ಬೆಟ್ಟದ ಊರು, ಸುಮಾರು 130 ಕಿಲೋಮೀಟರ್, ಒಳ್ಳೆ ರಸ್ತೆ. ಹತ್ತಾ ದಾಟಿದ್ರೆ ಚೆಕ್‌ಪೋಸ್ಟು. ಈ ಕಡೆ ಎಮಿರೇಟ್ಸ್‌ನವರು, ಅಂದ್ರೆ ದುಬೈ ಇರೋ ದೇಶದವರು, ಎಕ್ಸಿಟ್ ಹೊಡಿತಾರೆ, ಅದಕ್ಕೆ ಮೂವತ್ತೈದು ದಿರ್ಹಮ್ ಹತ್ರ ಫೀಸು. ಮುಂದೆ ಅಲ್ ವಜಾಜಾ ಅಂತ ಒಮಾನ್ ಪೋಸ್ಟು, ಅಲ್ಲಿ ಎಂಟ್ರಿ. ಆಮೇಲೆ ಅದೇ ದಾರೀಲಿ ತಿರುಗಿ ಬರೋದು. ಸಮಸ್ಯೆ ಎಲ್ಲಿ ಅಂದ್ರೆ ಎಕ್ಸಿಟ್ ಹೊಡೆದ ಕ್ಷಣದಲ್ಲಿ ಹಳೇ ವಿಸಿಟ್ ವೀಸಾ ಸತ್ತೋಯ್ತು. ಅದರಲ್ಲಿ ಇನ್ನೂ 5 ದಿನ ಉಳಿದಿದ್ರೂ ಲೆಕ್ಕಕ್ಕಿಲ್ಲ. ಹೊಸದು ಕೈಲಿ ಇಲ್ಲ ಅಂದ್ರೆ ಹಿಂದಕ್ಕೂ ಬರಕ್ಕಾಗಲ್ಲ. ಒಮಾನ್ ವೀಸಾ ಎಷ್ಟು ದಿನಕ್ಕೆ ತಗೊಂಡಿದಾರೋ ಅಷ್ಟು ದಿನ ಅಲ್ಲಿ ಲಾಡ್ಜ್ ದುಡ್ಡು ಕೊಟ್ಕೊಂಡು ಕೂತಿರಬೇಕು.

ಅದಕ್ಕೇ ಮೊದಲು ಎಂಪ್ಲಾಯ್ಮೆಂಟ್ ಎಂಟ್ರಿ ಪರ್ಮಿಟ್, ಅಂದ್ರೆ ಆ ಹೊಸ ಕೆಲಸದ ವೀಸಾ, ಅದರ ಪಿಡಿಎಫ್ ಕೈಗೆ ಬರಲಿ, ಆಮೇಲೆ ಬಸ್ಸು. ಉಲ್ಟಾ ಮಾಡ್ಬೇಡಿ.

ಚಿಂತಾಮಣಿ_ಚಂದ್ರ · ರಾತ್ರಿ 10:21

ಇಂಡಿಯನ್ ಪಾಸ್‌ಪೋರ್ಟಿಗೆ ಒಮಾನ್ ವೀಸಾನೇ ಬೇಡ ಅಲ್ವಾ? 14 ದಿನ ಫ್ರೀ ಅಂತ ಓದಿದ್ದೆ.

ದೇರಾದಲ್ಲಿ_ಬಂಗಾರಪೇಟೆ · ರಾತ್ರಿ 10:26

ಇಲ್ಲ ಚಂದ್ರ, ಅದು ಅಮೆರಿಕ, ಬ್ರಿಟನ್, ಷೆಂಗೆನ್ ಇಂಥ ವೀಸಾ ಇರೋ ಭಾರತೀಯರಿಗೆ. ಬರೀ ದುಬೈ ವಿಸಿಟ್ ವೀಸಾ ಇರೋ ಹುಡುಗನಿಗೆ ಒಮಾನ್ ಇ-ವೀಸಾ ಬೇಕು. 10 ದಿನದ್ದಕ್ಕೆ 5 ರಿಯಾಲ್, ತಿಂಗಳದ್ದಕ್ಕೆ 20 ರಿಯಾಲ್. ಒಂದು ರಿಯಾಲ್ ಅಂದ್ರೆ ಒಂಬತ್ತೂವರೆ ದಿರ್ಹಮ್ ಹತ್ರ. ಬಸ್ಸಿನವರು ಪ್ಯಾಕೇಜಲ್ಲಿ ಸೇರಿಸಿರ್ತಾರೆ, ಸೇರಿದೆಯಾ ಇಲ್ವಾ ಬಾಯ್ಬಿಟ್ಟು ಕೇಳ್ಬೇಕು.

ಗೌರಿಬಿದನೂರು_ಎಕ್ಸ್‌ಪ್ರೆಸ್ · ರಾತ್ರಿ 10:48

ಬಂಗಾರಪೇಟೆ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ, ನಮ್ಮ ಚಿಕ್ಕಪ್ಪನ ಮಗನಿಗೆ ಆಗಿದ್ದೇ ಇದು. 2023ರಲ್ಲಿ ಹೋದ. ಅವನದ್ದು ಕೆಲಸದ ವೀಸಾ ಅಲ್ಲ, ಒಂದು ವಿಸಿಟ್ ಮುಗೀತು ಇನ್ನೊಂದು ವಿಸಿಟ್ ತಗೊಂಡು ಬರೋದು ಅಂತ. ಏಜೆಂಟ್ ಸಂಜೆಗೆ ಬರತ್ತೆ ಅಂದ. ಬರ್ಲಿಲ್ಲ. ಮಾರನೇ ದಿನ ಶನಿವಾರ. ಬಸ್ಸಲ್ಲಿ ಇದ್ದ 40 ಜನರಲ್ಲಿ 34 ಜನಕ್ಕೆ ಬಂತು, ಅವರನ್ನ ಹಾಕ್ಕೊಂಡು ಬಸ್ ಹೊರಟೇ ಹೋಯ್ತು. ಇವನು ಇನ್ನೈದು ಜನ ಒಂದು ಲಾಡ್ಜಲ್ಲಿ ಒಂದೇ ರೂಮ್, ನೆಲದ ಮೇಲೆ ಮಲ್ಕೊಂಡು 6 ದಿನ ಕಳೆದ್ರು. ಕೈಲಿದ್ದಿದ್ದು 200 ದಿರ್ಹಮ್. ಬ್ಯಾಗ್ ಸಮೇತ ಹೋಗಿರ್ಲಿಲ್ಲ, ಒಂದೇ ದಿನದ ಕೆಲಸ ಅಂದಿದ್ರಲ್ಲ, ಉಟ್ಟ ಬಟ್ಟೆ ಒಂದೇ. ರಾತ್ರಿ ಒಗೆದು ಎಸಿ ಮುಂದೆ ಒಣಗ್ಸಿ ಬೆಳಗ್ಗೆ ಹಾಕ್ಕೋತಿದ್ದ. ಚಿಕ್ಕಮ್ಮನಿಗೆ ಆ 6 ದಿನ ನಾವು ಸುಳ್ಳು ಹೇಳಿದ್ವಿ, ಫೋನ್ ಕೆಟ್ಟಿದೆ ಅಂತ.

ಅಕ್ಕ ದಯವಿಟ್ಟು ಶುಕ್ರವಾರ ಕಳಿಸ್ಬೇಡಿ.

ಗುಬ್ಬಿ_ಗೌಡ · ರಾತ್ರಿ 10:55

ಒಬ್ಬರಿಗೆ ಆಯ್ತು ಅಂತ ಎಲ್ಲರಿಗೂ ಆಗಲ್ಲ ಸಾರ್. ಹೆದರ್ಸಿದ್ರೆ ಆ ಅಮ್ಮ ಇನ್ನೂ ಊಟ ಬಿಡ್ತಾರೆ.

ಗೌರಿಬಿದನೂರು_ಎಕ್ಸ್‌ಪ್ರೆಸ್ · ರಾತ್ರಿ 10:58

ಹೆದರ್ಸ್ತಿಲ್ಲ ಗೌಡ್ರೇ. ನಿಮಗೆ ಎರಡು ಸಲನೂ ವೀಸಾ ಮೊದಲೇ ಬಂದಿತ್ತಾ ಇಲ್ವಾ, ಅದನ್ನ ಹೇಳಿ.

ಗುಬ್ಬಿ_ಗೌಡ · ರಾತ್ರಿ 11:04

ಮೊದಲನೇ ಸಲ ಬಂದಿತ್ತು. ಎರಡನೇ ಸಲ ಅಲ್ಲೇ ಬಂತು, ಮಧ್ಯಾಹ್ನ 3ಕ್ಕೆ. ಆ ಮೂರು ಗಂಟೆ ತನಕ ನನ್ನ ಎದೆ ಹೊಡ್ಕೊಂಡಿದ್ದು ನಿಜ, ಒಪ್ಕೋತೀನಿ.

ಶಿಡ್ಲಘಟ್ಟದಕ್ಕ · ರಾತ್ರಿ 11:20

ಎಲ್ರಿಗೂ ತುಂಬಾ ಥ್ಯಾಂಕ್ಸ್. ಅಣ್ಣ ಶುಕ್ರವಾರ ಅಂದ್ರೆ ಏನು ತೊಂದ್ರೆ? ಅಲ್ಲಿ ಶುಕ್ರವಾರ ರಜೆ ಅಂತ ನಾನು ಅನ್ಕೊಂಡಿದ್ದೆ, ಏಜೆಂಟ್ ಇಲ್ಲ ಈಗ ಕೆಲಸ ನಡಿಯತ್ತೆ ಅಂದ.

ದೇರಾದಲ್ಲಿ_ಬಂಗಾರಪೇಟೆ · ರಾತ್ರಿ 11:31

2022 ಜನವರಿಯಿಂದ ಎಮಿರೇಟ್ಸಲ್ಲಿ ರಜೆ ಶನಿವಾರ ಭಾನುವಾರ, ಶುಕ್ರವಾರ ಸರ್ಕಾರಿ ಆಫೀಸು ಅರ್ಧ ದಿನ. ಒಮಾನಲ್ಲಿ ಇನ್ನೂ ಶುಕ್ರವಾರ ಶನಿವಾರವೇ ರಜೆ. ಎರಡೂ ಸೇರಿ ಶುಕ್ರವಾರ ಸಿಕ್ಕಾಕ್ಕೊಂಡ್ರೆ ಸೋಮವಾರದವರೆಗೆ ಕೇಳೋರಿಲ್ಲ. ನಿಮ್ಮ ತಮ್ಮನಿಗೆ ಮುಂದಿನ ಬುಧವಾರದ ತನಕ ಟೈಮಿದೆ. ಪರ್ಮಿಟ್ ಬಂದ್ರೆ ಸೋಮವಾರ ಇಲ್ಲ ಮಂಗಳವಾರ ಹೋಗಲಿ. ಬುಧವಾರ ದಾಟಿದ್ರೆ ದಿನಕ್ಕೆ 50 ದಿರ್ಹಮ್ ದಂಡ. ಮುಂಚೆ ವಿಸಿಟ್ ಮುಗಿದ ಮೇಲೆ 10 ದಿನ ಬಿಡ್ತಿದ್ರು, ಈಗ ಅದನ್ನ ನಂಬ್ಕೊಂಡು ಕೂರಬೇಡಿ. ಒಂದೆರಡು ದಿನದ ದಂಡ ಕಟ್ಟೋದು ದೊಡ್ಡ ವಿಷಯ ಅಲ್ಲ, ವೀಸಾ ಇಲ್ದೆ ಎಕ್ಸಿಟ್ ಹೊಡೆಸ್ಕೊಂಡು ಕೂರೋದು ದೊಡ್ಡ ವಿಷಯ.

ಕೋಲಾರದ_ಹಿರಿಯರು · ಮಂಗಳವಾರ ಬೆಳಗ್ಗೆ 6:10

ಈ ಬಸ್ಸು ಗಿಸ್ಸು ಈಗಿನ ಮಾತು ಮಕ್ಕಳೇ. ನಮ್ಮ ಕಾಲದಲ್ಲಿ ಕಿಶ್ ಅಂತ ಇತ್ತು. ಇರಾನಿನ ದ್ವೀಪ, ಫ್ರೀ ಝೋನು, ವೀಸಾ ಬೇಕಿರ್ಲಿಲ್ಲ. ಅಲ್ಲಿಗೆ ಸಣ್ಣ ವಿಮಾನದಲ್ಲಿ ಕಳಿಸೋರು. ನಾನು 2007ರಲ್ಲಿ ಹೋದವನು 19 ದಿನ ಇದ್ದೆ. ಡಾರ್ಮಿಟರೀಲಿ ಫಿಲಿಪೈನ್ಸ್‌ನೋರು, ಕೇರಳದೋರು, ಶ್ರೀಲಂಕಾದೋರು, ಎಲ್ಲ ಒಂದೇ ಕಥೆ. ದಿನಾ ಸಂಜೆ ಫ್ಯಾಕ್ಸ್ ಬಂದ ವೀಸಾಗಳ ಹೆಸರು ಓದೋರು. ಹೆಸರು ಬಂದವನು ಎಲ್ಲರನ್ನೂ ತಬ್ಕೊಂಡು ಹೋಗ್ತಿದ್ದ, ಬರದೇ ಇದ್ದವನು ತಿರುಗಿ ಹಾಸಿಗೆ ಮೇಲೆ ಬೀಳ್ತಿದ್ದ. ಹದಿನೇಳನೇ ದಿನಕ್ಕೆ ನನ್ನ ಹತ್ರ ದುಡ್ಡು ಮುಗೀತು, ಒಬ್ಬ ಫಿಲಿಪೈನ್ಸ್ ಹೆಣ್ಣುಮಗಳು ಎರಡು ದಿನ ಅನ್ನ ಹಾಕಿದ್ಲು. ಆಕೆ ಹೆಸರು ಇವತ್ತೂ ಮರ್ತಿಲ್ಲ.

ಹುಡುಗನ ಜೇಬಲ್ಲಿ ಕನಿಷ್ಠ ಒಂದು ವಾರದ ಖರ್ಚಿಗೆ ದುಡ್ಡು ಇಟ್ಟು ಕಳ್ಸಮ್ಮ.

ಸಿರಾ_ಸೀನ · ಬೆಳಗ್ಗೆ 7:30

ಯಾಕ್ರೀ ಇಷ್ಟೆಲ್ಲ ತಲೆನೋವು, ಊರಿಗೆ ಬಂದು ಹೊಸ ವೀಸಾದಲ್ಲಿ ಹೋಗ್ಲಿ. ಶಿಡ್ಲಘಟ್ಟಕ್ಕೆ ದೇವನಹಳ್ಳಿ ಏರ್‌ಪೋರ್ಟ್ ಎಷ್ಟು ದೂರ, ಒಂದು ಗಂಟೆ. ಅಮ್ಮನ ಮುಖನೂ ನೋಡ್ದಂಗಾಗತ್ತೆ.

ಶಿಡ್ಲಘಟ್ಟದಕ್ಕ · ಬೆಳಗ್ಗೆ 7:44

ಅಣ್ಣ ಹೋಗಿ ಬರೋ ಟಿಕೆಟ್ಟಿಗೆ ಮೂವತ್ತು ಸಾವಿರ ಮೇಲೆ ಆಗತ್ತೆ. ಅವನು ಹೋಗೋವಾಗಲೇ ಸಾಲ ಮಾಡಿದೀವಿ, ಬಡ್ಡಿ ಓಡ್ತಿದೆ. ಏಜೆಂಟ್ ಬಸ್ಸಿಗೆ ಒಮಾನ್ ವೀಸಾ ಸೇರಿ 750 ದಿರ್ಹಮ್ ಅಂದಿದಾನೆ, ಹದಿನೇಳು ಹದಿನೆಂಟು ಸಾವಿರ. ಇನ್ನೊಂದು, ಬಂದ್ರೆ ಅಮ್ಮ ಮತ್ತೆ ಕಳಿಸಲ್ಲ.

ಸಿರಾ_ಸೀನ · ಬೆಳಗ್ಗೆ 7:50

ಅದು ಸರಿ. ಆದ್ರೂ ಊರಿಗೆ ಬಂದ್ರೆ ಎಷ್ಟು ದಿನ ವೀಸಾ ತಡ ಆದ್ರೂ ಸ್ವಂತ ಮನೇಲಿ ಇರ್ತಾನೆ, ಅದಕ್ಕೆ ಬೆಲೆ ಇದೆ.

ಕಾನೂನು_ಓದಿದ_ಪಾವಗಡ · ಬೆಳಗ್ಗೆ 9:15

ನಂಗೆ ಅರ್ಥ ಆಗದೇ ಇರೋದು ಒಂದೇ. ಈ 750 ಯಾಕೆ ಹುಡುಗ ಕೊಡ್ಬೇಕು? ಎಮಿರೇಟ್ಸ್‌ನ 2021ರ ಕಾರ್ಮಿಕ ಕಾನೂನು, ಅಂದ್ರೆ 33ನೇ ನಂಬರಿನ ಡಿಕ್ರಿ, ಅದರ 6ನೇ ವಿಧೀಲಿ ನೇಮಕಾತಿ ಖರ್ಚನ್ನ ಕೆಲಸಗಾರನಿಂದ ನೇರವಾಗಿ ಆಗಲಿ ಸುತ್ತಿ ಬಳಸಿ ಆಗಲಿ ವಸೂಲಿ ಮಾಡಂಗಿಲ್ಲ ಅಂತ ಸ್ಪಷ್ಟವಾಗಿದೆ. 2022 ಫೆಬ್ರವರಿ 2ರಿಂದ ಜಾರಿ. "ಒಳಗೆ ಬದಲಾಯ್ಸಿದ್ರೆ ಖರ್ಚು ಜಾಸ್ತಿ" ಅಂದ್ರೆ ಕಂಪನಿಗೆ ಖರ್ಚು ಜಾಸ್ತಿ, ಅದನ್ನ ಹುಡುಗನ ತಲೆ ಮೇಲೆ ಹಾಕ್ತಿದಾರೆ.

ದೇರಾದಲ್ಲಿ_ಬಂಗಾರಪೇಟೆ · ಬೆಳಗ್ಗೆ 9:40

ಪಾವಗಡ ಸಾರ್ ಕಾನೂನು ನೀವು ಹೇಳಿದ್ದು ಸರಿನೇ, ಆದ್ರೆ ಮೊದಲನೇ ಕೆಲಸ, 8 ದಿನ ಬಾಕಿ, ಆ ಹುಡುಗ ಹೋಗಿ 6ನೇ ವಿಧಿ ಅಂದ್ರೆ ನಾಳೆ ಆ ಜಾಗಕ್ಕೆ ಇನ್ನೊಬ್ಬ ಬರ್ತಾನೆ.

ಕಾನೂನು_ಓದಿದ_ಪಾವಗಡ · ಬೆಳಗ್ಗೆ 9:47

ಎಲ್ಲರೂ ಹಿಂಗೇ ಅಂದ್ಕೊಂಡು ಸುಮ್ನಿರೋದ್ರಿಂದಲೇ ಇದು ನಡೀತಿರೋದು. ಜಗಳ ಆಡು ಅಂತಿಲ್ಲ. ಮೆತ್ತಗೆ ಒಂದು ಮಾತು ಕೇಳ್ಲಿ, ಸಾರ್ ಬಸ್ಸಿನ ಖರ್ಚು ಕಂಪನಿ ಕೊಡತ್ತಾ ಅಂತ. ಕೇಳಿದ್ದಕ್ಕೆ ಯಾರೂ ಕೆಲಸದಿಂದ ತೆಗಿಯಲ್ಲ.

ಇನ್ನೊಂದು ಮುಖ್ಯ. ಈಗಾಗಲೇ ಕೆಲಸಕ್ಕೆ ಹೋಗ್ತಿದಾನಾ? ವಿಸಿಟ್ ವೀಸಾದಲ್ಲಿ ಒಂದು ದಿನ ಕೂಡ ಕೆಲಸ ಮಾಡಂಗಿಲ್ಲ. 2024ರಲ್ಲಿ ಕಾನೂನು ತಿದ್ದಿ, ಪರ್ಮಿಟ್ ಇಲ್ದೆ ಕೆಲಸಕ್ಕೆ ಇಟ್ಕೊಂಡ ಕಂಪನಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಮ್ ದಂಡ ಅಂತ ಮಾಡಿದಾರೆ. "ಟ್ರಯಲ್‌ಗೆ ಬಾ" ಅಂತ ಕರೆದ್ರೆ ಹೋಗ್ಬೇಡ ಅನ್ನಿ.

ಶಿಡ್ಲಘಟ್ಟದಕ್ಕ · ಬೆಳಗ್ಗೆ 10:05

ಎರಡು ದಿನ ಟ್ರಯಲ್ ಅಂತ ಕರೆದಿದ್ರಂತೆ ಸಾರ್. ಈಗ ಹೋಗಲ್ಲ ಅಂತ ಹೇಳ್ಸಿದೀನಿ.

ಕ್ಯಾತ್ಸಂದ್ರ_ಇಡ್ಲಿಭಟ್ಟ · ಮಧ್ಯಾಹ್ನ 12:30

ದುಬೈ ನಂಗೊತ್ತಿಲ್ಲ, ಥಾಯ್ಲೆಂಡ್ ಗೊತ್ತು. ಬ್ಯಾಂಕಾಕಲ್ಲಿ ಒಂದು ಇಂಡಿಯನ್ ಹೋಟ್ಲಲ್ಲಿ ಅಡುಗೆ ಮಾಡ್ತಿದ್ದೆ. 2018ರಲ್ಲಿ ನನ್ನನ್ನೂ ಹಿಂಗೇ ವೀಸಾಗೆ ಲಾವೋಸಿಗೆ ಕಳಿಸಿದ್ರು. ರಾತ್ರಿ ಟ್ರೈನಲ್ಲಿ ನೊಂಗ್ ಖಾಯ್, ಬೆಳಗ್ಗೆ ಇಳಿದ್ರೆ ಎದುರಿಗೆ ಮೆಕಾಂಗ್ ನದಿ. ಅದಕ್ಕೆ 1994ರಲ್ಲಿ ಕಟ್ಟಿದ ಸೇತುವೆ ಇದೆ, ಸ್ನೇಹ ಸೇತುವೆ ಅಂತ. ನಡ್ಕೊಂಡು ದಾಟಕ್ಕೆ ಬಿಡಲ್ಲ, ಬಸ್ಸಲ್ಲೇ ಹೋಗ್ಬೇಕು. ಥಾಯ್ಲೆಂಡಲ್ಲಿ ನಮ್ಮಂಗೆ ಗಾಡಿ ಎಡಕ್ಕೆ, ಲಾವೋಸಲ್ಲಿ ಬಲಕ್ಕೆ. ಸೇತುವೆ ದಾಟಿ ಸಿಗ್ನಲ್ ಹತ್ರ ಎಲ್ಲಾ ಗಾಡಿ ಆ ಕಡೆಯಿಂದ ಈ ಕಡೆಗೆ ಅದಲು ಬದಲು ಆಗತ್ತೆ ನೋಡಿ, ಅವಾಗ ನಂಗೆ ನಿಜವಾಗ್ಲೂ ಬೇರೆ ದೇಶಕ್ಕೆ ಬಂದೆ ಅನ್ಸಿದ್ದು.

ವಿಯೆಂಟಿಯಾನ್‌ನಲ್ಲಿ ಥಾಯ್ ಕಾನ್ಸುಲೇಟು. ಬೆಳಗ್ಗೆ ಕಾಗದ ಕೊಟ್ರೆ ಮಾರನೇ ದಿನ ಮಧ್ಯಾಹ್ನ ವೀಸಾ ಅಂಟ್ಸಿ ಕೊಡೋರು. ನನ್ನ ಮಾಲೀಕ ಒಳ್ಳೆಯವನು, ಲೇಬರ್ ಆಫೀಸಿನ ಒಪ್ಪಿಗೆ ಪತ್ರ ಮೊದಲೇ ಮಾಡ್ಸಿ ಕೊಟ್ಟಿದ್ದ, ಒಂದೇ ಒಂದು ಪ್ರಶ್ನೆ ಕೇಳ್ಲಿಲ್ಲ. ನನ್ನ ಮುಂದೆ ನಿಂತಿದ್ದ ಹುಡುಗನ ಹತ್ರ ಆ ಪತ್ರ ಇರ್ಲಿಲ್ಲ, ವಾಪಸ್ ಕಳಿಸಿದ್ರು. ಎಲ್ಲಾ ದೇಶದಲ್ಲೂ ಇದೇನೇ, ಕಾಗದ ಮುಂದೆ ಹೋಗ್ಬೇಕು ಮನುಷ್ಯ ಹಿಂದೆ ಹೋಗ್ಬೇಕು.

ತಿಪಟೂರು_ಕೊಬ್ರಿ · ಮಧ್ಯಾಹ್ನ 12:41

ಈಗ ಥಾಯ್ಲೆಂಡಿಗೆ ವೀಸಾನೇ ಬೇಡ ಅಲ್ವಾ ಭಟ್ರೇ, ನಮ್ಮೂರ ಹುಡುಗ್ರು ಸುಮ್ನೆ ಟಿಕೆಟ್ ಹಾಕ್ಕೊಂಡು ಹೋಗ್ತಿದಾರೆ.

ಕ್ಯಾತ್ಸಂದ್ರ_ಇಡ್ಲಿಭಟ್ಟ · ಮಧ್ಯಾಹ್ನ 12:50

ಅದು ತಿರುಗಾಡಕ್ಕೆ ಹೋಗೋರಿಗೆ ಸ್ವಾಮಿ, ದುಡಿಯೋರಿಗಲ್ಲ. ಅದನ್ನೇ ಇಟ್ಕೊಂಡು ಬಾರ್ಡರ್ ಮುಟ್ಟಿ ಮುಟ್ಟಿ ಬಂದು ವರ್ಷಗಟ್ಟಲೆ ಇರೋರನ್ನ ತಡಿಯಕ್ಕೆ, ರಸ್ತೆ ಮೇಲೆ ವೀಸಾ ಇಲ್ದೆ ಬರೋದು ವರ್ಷಕ್ಕೆ ಎರಡೇ ಸಲ ಅಂತ 2016ರ ಕೊನೇಲೇ ಮಾಡಿದ್ರು. ಮೀರಿ ಉಳಿದ್ರೆ ದಿನಕ್ಕೆ 500 ಬಾತ್ ದಂಡ, 20 ಸಾವಿರದ ತನಕ.

ಮುಳಬಾಗಿಲು_ಮಗಳು · ಮಧ್ಯಾಹ್ನ 2:20

ನಾನು ಕೆನಡಾದಲ್ಲಿದೀನಿ. ಇಲ್ಲಿ ಇದಕ್ಕೆ ಫ್ಲ್ಯಾಗ್‌ಪೋಲಿಂಗ್ ಅಂತಿದ್ರು. ಅಂದ್ರೆ ಅಮೆರಿಕ ಬಾರ್ಡರಿಗೆ ಹೋಗಿ, ಅವರ ಬಾವುಟದ ಕಂಬ ಸುತ್ತು ಹಾಕಿದಂಗೆ ತಿರುಗಿ ಬಂದು, ಕೆನಡಾ ಕೌಂಟರಲ್ಲೇ ಹೊಸ ವರ್ಕ್ ಪರ್ಮಿಟ್ ಮಾಡಿಸ್ಕೊಳ್ಳೋದು. ಆನ್‌ಲೈನಲ್ಲಿ ತಿಂಗಳುಗಟ್ಟಲೆ ಕಾಯೋದು ಅಲ್ಲಿ ಅರ್ಧ ದಿನಕ್ಕೆ ಮುಗೀತಿತ್ತು. ನಾನು 2023ರಲ್ಲಿ ನಯಾಗರಾ ಹತ್ರ ರೇನ್‌ಬೋ ಬ್ರಿಡ್ಜಲ್ಲಿ ಮಾಡ್ಸಿದೆ. ಅಮೆರಿಕದವರು ಕೂರಿಸಿ, ಬೆರಳಚ್ಚು ತಗೊಂಡು, "ಇವರನ್ನ ಒಳಗೆ ಬಿಟ್ಟಿಲ್ಲ" ಅಂತ ಒಂದು ಕಾಗದ ಕೊಟ್ಟು ವಾಪಸ್ ಕಳಿಸ್ತಾರೆ. ಕೆನಡಾ ಆಫೀಸರಿಗೆ ಆ ಕಾಗದ ತೋರ್ಸಿದ್ರೆ ಪರ್ಮಿಟ್ ಪ್ರಿಂಟ್ ಮಾಡಿ ಕೈಗೆ ಕೊಡ್ತಿದ್ರು. ಪಕ್ಕದಲ್ಲಿ ಜಲಪಾತದ ಸದ್ದು, ನಾನು ತಿರುಗಿ ಕೂಡ ನೋಡ್ಲಿಲ್ಲ, ಎದೇಲಿ ಅಷ್ಟು ಭಯ.

2024 ಡಿಸೆಂಬರ್ 23ರಿಂದ ಬಂದ್ ಮಾಡಿದ್ರು, ಅಮೆರಿಕದ ಪ್ರಜೆಗಳು, ಕೆಲವು ಒಪ್ಪಂದದ ದೇಶದವರು, ಟ್ರಕ್ ಡ್ರೈವರುಗಳು ಹಿಂಗೆ ಸ್ವಲ್ಪ ಜನಕ್ಕೆ ಬಿಟ್ಟು. ಅದಕ್ಕೆ ಮುಂಚಿನ ಒಂದು ವರ್ಷದಲ್ಲಿ, 2023 ಏಪ್ರಿಲಿಂದ 2024 ಮಾರ್ಚ್ ತನಕ, 69,300ಕ್ಕೂ ಹೆಚ್ಚು ಜನ ಹಿಂಗೆ ಸುತ್ತು ಹಾಕಿದ್ರಂತೆ. ಬಾರ್ಡರ್ ಸಿಬ್ಬಂದಿಗೆ ಬೇರೆ ಕೆಲಸನೇ ಮಾಡಕ್ಕಾಗ್ತಿಲ್ಲ ಅಂತ ಕಾರಣ ಕೊಟ್ರು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಈ ದಾರಿಗಳು ಯಾವಾಗ ಬೇಕಾದ್ರೂ ಮುಚ್ಚೋಗತ್ತೆ. ಹೋದ ವರ್ಷ ಹೋಗಿ ಬಂದೋರ ಮಾತು ಈ ವರ್ಷಕ್ಕೆ ನಡಿಯತ್ತೆ ಅಂತಿಲ್ಲ, ಆ ವಾರ ಹೋಗಿ ಬಂದೋರನ್ನೇ ಕೇಳಿ.

ತುಮಕೂರು_ಟು_ಟೆಕ್ಸಾಸ್ · ಸಂಜೆ 5:05

ಇಲ್ಲಿ ಅಮೆರಿಕದಲ್ಲೂ ಒಂದಿದೆ. ಪಾಸ್‌ಪೋರ್ಟಲ್ಲಿರೋ ಎಚ್-1ಬಿ ಅನ್ನೋ ಕೆಲಸದ ವೀಸಾ ಮುಗಿದಿದ್ರೂ, ಎಲ್ಲಿ ತನಕ ಇರಬಹುದು ಅಂತ ಹೇಳೋ ಐ-94 ದಾಖಲೆ ಚಾಲ್ತೀಲಿದ್ರೆ, ಕೆನಡಾಗೋ ಮೆಕ್ಸಿಕೋಗೋ 30 ದಿನದೊಳಗೆ ಹೋಗಿ ಬರಬಹುದು. ಆದ್ರೆ ಅಲ್ಲಿ ಹೋಗಿ ಹೊಸ ವೀಸಾಗೆ ಅರ್ಜಿ ಹಾಕಿದ್ರೋ ಆ ಸೌಲಭ್ಯ ಹೋಯ್ತು, ಸಿಗ್ಲಿಲ್ಲ ಅಂದ್ರೆ ನೇರ ಊರಿಗೆ. ಈಗಂತೂ 2025 ಸೆಪ್ಟೆಂಬರಿಂದ ನಿಮ್ಮ ದೇಶದಲ್ಲೋ ಇಲ್ಲ ವಾಸ ಇರೋ ದೇಶದಲ್ಲೋ ಅರ್ಜಿ ಹಾಕಿ ಅಂತ ಹೇಳಿದಾರೆ, ಕೆನಡಾ ಮೆಕ್ಸಿಕೋಗೆ ಹೋಗಿ ವೀಸಾ ಸ್ಟ್ಯಾಂಪಿಂಗ್ ಮಾಡಿಸೋದು ನಮ್ಮಂಥೋರಿಗೆ ಹೆಚ್ಚು ಕಮ್ಮಿ ಮುಗಿದಂಗೆ.

ನಂಗಲಿ_ನಾಗ · ಸಂಜೆ 5:30

ನಮಗೆ ಬಾರ್ಡರ್ ಅಂದ್ರೆ ನಂಗಲಿ ಚೆಕ್‌ಪೋಸ್ಟು. ಆ ಕಡೆ ಆಂಧ್ರ, ಈ ಕಡೆ ನಮ್ಮ ಹೊಲ. ದಿನಕ್ಕೆ ನಾಲ್ಕು ಸಲ ದಾಟ್ತೀವಿ. 2020ರ ಲಾಕ್‌ಡೌನಲ್ಲಿ ಒಂದು ದಿನ ಪಾಸ್ ಇಲ್ಲ ಅಂತ ನಮ್ಮಪ್ಪನ್ನ ಆ ಕಡೆನೇ ನಿಲ್ಸಿದ್ರು, ಅಕ್ಕನ ಮನೆಗೆ ಹೋಗಿದ್ದವರು. ನಾನು ಈ ಕಡೆ ಬ್ಯಾರಿಕೇಡ್ ಹತ್ರ, ಅವರು ಆ ಕಡೆ, ಕೈ ಬೀಸಿದ್ರೆ ಕಾಣತ್ತೆ. ಮೂರು ಗಂಟೆ ನಿಂತಿದ್ವಿ. ಅವತ್ತು ಗೊತ್ತಾಯ್ತು ಬಾರ್ಡರ್ ಅಂದ್ರೆ ಏನಂತ.

ಚಿಂತಾಮಣಿ_ಚಂದ್ರ · ಸಂಜೆ 5:36

ನಾಗಣ್ಣ ಟೊಮೇಟೊ ರೇಟ್ ಏನಿದೆ ಈಗ ಕೋಲಾರ ಮಂಡೀಲಿ?

ನಂಗಲಿ_ನಾಗ · ಸಂಜೆ 5:39

ಬೇರೆ ಕಡೆ ಕೇಳಪ್ಪ, ಇಲ್ಲಿ ಅಕ್ಕನ ವಿಷಯ ನಡೀತಿದೆ.

ಶಿಡ್ಲಘಟ್ಟದಕ್ಕ · ಗುರುವಾರ ರಾತ್ರಿ 8:15

ಏಜೆಂಟ್ ಇವತ್ತು ಜೋರು ಮಾಡಿದಾನೆ. ನಾಳೆ ಬರ್ತೀಯಾ ಇಲ್ವಾ, ಸೀಟು ಬೇರೆಯವರಿಗೆ ಕೊಡ್ತೀನಿ ಅಂತ. ತಮ್ಮ ನೀವೆಲ್ಲ ಹೇಳಿದಂಗೆ "ಪರ್ಮಿಟ್ ಬಂದ ಮೇಲೆ ಬರ್ತೀನಿ" ಅಂದ. ಕಂಪನೀಲಿ ವೀಸಾ ಕೆಲಸ ನೋಡ್ಕೊಳ್ಳೋ ಪಿಆರ್‌ಒ ಹತ್ರ ಹೋಗಿ ಬಸ್ ಖರ್ಚಿನ ವಿಷಯನೂ ಮೆತ್ತಗೆ ಕೇಳಿದಾನೆ. ಮೊದಲು ಮುಖ ಗಂಟು ಹಾಕ್ಕೊಂಡ್ರಂತೆ, ಆಮೇಲೆ ಒಮಾನ್ ವೀಸಾ ದುಡ್ಡು ನಾವು ಕೊಡ್ತೀವಿ, ಬಸ್ಸು ನೀನು ನೋಡ್ಕೋ ಅಂದ್ರಂತೆ. ಪಾವಗಡ ಸಾರ್, ನಿಮ್ಮಿಂದ ಅಷ್ಟಾಯ್ತು.

ಕಾನೂನು_ಓದಿದ_ಪಾವಗಡ · ರಾತ್ರಿ 8:30

ಬಹಳ ಸಂತೋಷ ಆಯ್ತಮ್ಮ. ಪೂರ್ತಿ ಕೊಡ್ಬೇಕಿತ್ತು, ಇರ್ಲಿ. ಆಫರ್ ಲೆಟರ್ ಮಾನವ ಸಂಪನ್ಮೂಲ ಸಚಿವಾಲಯದ್ದೇನಾ ಅಂತ ನೋಡಿ, ಬರೀ ಕಂಪನಿ ಲೆಟರ್‌ಹೆಡ್ ಸಾಲದು. ಸಚಿವಾಲಯದ ಪತ್ರದಲ್ಲಿ ಅರಬ್ಬಿ, ಇಂಗ್ಲಿಷ್ ಜೊತೆ ಹಿಂದಿ, ತಮಿಳು, ಮಲಯಾಳಂ ಎಲ್ಲ ಇದೆ, ಕನ್ನಡ ಇಲ್ಲ. ಅವನಿಗೆ ಬರೋ ಭಾಷೇಲಿ ಓದ್ಲಿ, ಮೂಲ ಸಂಬಳ ಎಷ್ಟು ಅಂತ ಅದರಲ್ಲಿ ಇರೋದೇ ಲೆಕ್ಕ.

ದೇರಾದಲ್ಲಿ_ಬಂಗಾರಪೇಟೆ · ರಾತ್ರಿ 9:02

ಶಭಾಷ್ ಹುಡುಗ. ಪರ್ಮಿಟ್ ಬಂದ್ರೆ ಕಣ್ಮುಚ್ಕೊಂಡು ನಂಬ್ಬೇಡಿ, ಪಿಡಿಎಫ್ ಯಾರ್ ಬೇಕಾದ್ರೂ ಮಾಡ್ಬಹುದು. ಅದರಲ್ಲಿ ಫೈಲ್ ನಂಬರ್ ಇರತ್ತೆ. ದುಬೈದಾದ್ರೆ 201ರಿಂದ ಶುರು, ಶಾರ್ಜಾ 301, ಅಜ್ಮಾನ್ 401, ಅಬುಧಾಬಿ 101. ದುಬೈದನ್ನ ದುಬೈ ಇಮಿಗ್ರೇಷನ್ ವೆಬ್‌ಸೈಟಲ್ಲಿ, ಬೇರೆ ಎಮಿರೇಟ್, ಅಂದ್ರೆ ಇಲ್ಲಿನ ಬೇರೆ ರಾಜ್ಯದ್ದನ್ನ ಐಸಿಪಿ ಅನ್ನೋ ಕೇಂದ್ರ ಇಲಾಖೆ ವೆಬ್‌ಸೈಟಲ್ಲಿ ಹಾಕಿ ನೋಡ್ಬಹುದು. ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್ ಒಂದೊಂದೇ ಅಕ್ಷರ ಬೆರಳಿಟ್ಟು ಓದ್ಲಿ. ಮೇಲ್ಗಡೆ ಎಂಪ್ಲಾಯ್ಮೆಂಟ್ ಅಂತ ಇರ್ಬೇಕು, ಟೂರಿಸ್ಟ್ ಅಂತ ಇದ್ರೆ ಮೋಸ. ಏನಾದ್ರೂ ಹೆಚ್ಚು ಕಮ್ಮಿ ಆದ್ರೆ ದುಬೈಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಇದೆ, ಟೋಲ್ ಫ್ರೀ 80046342, ಬರ್ಕೊಂಡು ಇಟ್ಕೊಳ್ಳಿ.

ಶಿಡ್ಲಘಟ್ಟದಕ್ಕ · ಸೋಮವಾರ ಮಧ್ಯಾಹ್ನ 3:50

ಪರ್ಮಿಟ್ ಬಂತು!! 201ರಿಂದ ಶುರು. ತಮ್ಮ, ನಾನು, ಬಂಗಾರಪೇಟೆ ಅಣ್ಣ ಮೂರೂ ಜನ ಬೇರೆ ಬೇರೆ ಕೂತು ವೆಬ್‌ಸೈಟಲ್ಲಿ ನೋಡಿದ್ವಿ, ಸರಿಯಾಗಿದೆ. ನಾಳೆ ಬೆಳಗಿನ ಜಾವ 4ಕ್ಕೆ ಬಸ್. ಎರಡು ಜೊತೆ ಬಟ್ಟೆ, 900 ದಿರ್ಹಮ್, ಪರ್ಮಿಟ್ ಮೂರು ಪ್ರಿಂಟು.

ಕೋಲಾರದ_ಹಿರಿಯರು · ಸಂಜೆ 4:20

ಕೋಲಾರಮ್ಮ ಕಾಪಾಡ್ಲಿ. ನಾಳೆ ದೇವಸ್ಥಾನಕ್ಕೆ ಹೋಗ್ತೀನಿ, ಹುಡುಗನ ಹೆಸರಲ್ಲಿ ಅರ್ಚನೆ ಮಾಡಿಸ್ತೀನಿ.

ಗುಬ್ಬಿ_ಗೌಡ · ಸಂಜೆ 4:25

ಆಲ್ ದಿ ಬೆಸ್ಟ್ ತಮ್ಮ. ಚಾರ್ಜರ್ ಮರೀಬೇಡ.

ಶಿಡ್ಲಘಟ್ಟದಕ್ಕ · ಮಂಗಳವಾರ ರಾತ್ರಿ 10:35

ರೂಮಿಗೆ ಬಂದ. ಈಗಷ್ಟೇ ಫೋನ್ ಇಟ್ಟೆ, ಅವನು ಹೇಳಿದ್ದನ್ನ ಹಂಗೇ ಬರೀತೀನಿ.

ಬಸ್ಸಲ್ಲಿ 38 ಜನ. ಹತ್ತಾ ಹತ್ರ ಬೆಳಕಾಯ್ತಂತೆ, ಎರಡೂ ಕಡೆ ಬೋಳು ಬೆಟ್ಟ, ನಮ್ಮ ಕೈವಾರದ ಬೆಟ್ಟದ ಬಂಡೆ ನೋಡ್ದಂಗಿತ್ತು ಆದ್ರೆ ಒಂದು ಹುಲ್ಲುಕಡ್ಡಿ ಇಲ್ಲ ಅಂದ. ಎಕ್ಸಿಟ್ ಕೌಂಟರಲ್ಲಿ ಐದೇ ನಿಮಿಷ. ಒಮಾನ್ ಕಡೆ ಸ್ಟ್ಯಾಂಪ್ ಹೊಡೆದು ಒಂದು ಹಾಲಲ್ಲಿ ಕೂರ್ಸಿದ್ರಂತೆ. ಅಲ್ಲಿ ಕೂತಿದ್ದವರಲ್ಲಿ ಅರ್ಧ ಜನ ಫೋನ್ ಕೈಲಿ ಹಿಡ್ಕೊಂಡು ವೀಸಾ ಬರತ್ತಾ ಬರತ್ತಾ ಅಂತ ನೋಡ್ತಾನೇ ಇದ್ರಂತೆ. ಇವನ ಹತ್ರ ಪ್ರಿಂಟ್ ಇತ್ತಲ್ಲ, ಇವನನ್ನ ಮೊದಲನೇ ಗುಂಪಲ್ಲೇ ವಾಪಸ್ ಬಿಟ್ರು. ಕಣ್ಣಿನ ಸ್ಕ್ಯಾನ್ ಆಯ್ತು, ಎಂಟ್ರಿ ಹೊಡೆದ್ರು. ಸ್ಟ್ಯಾಂಪ್ ಫೋಟೋ ಕಳಿಸಿದಾನೆ, ನೀಲಿ ಇಂಕು ಸ್ವಲ್ಪ ಹರಡಿದೆ, ಅಮ್ಮ ಫೋನನ್ನ ಕಣ್ಣಿಗೆ ಒತ್ಕೊಂಡ್ರು. ಇನ್ನು 60 ದಿನದೊಳಗೆ ಮೆಡಿಕಲ್, ಎಮಿರೇಟ್ಸ್ ಐಡಿ ಎಲ್ಲ ಆಗ್ಬೇಕು.

ಒಂದು ಬೇಜಾರು. ಅವನ ಪಕ್ಕದ ಸೀಟಲ್ಲಿ ಕಡಪದ ಹುಡುಗ ಇದ್ದ, ಇವನ ವಯಸ್ಸೇ, ತೆಲುಗಲ್ಲಿ ಮಾತಾಡ್ಕೊಂಡು ಹೋಗಿದ್ರು. ಅವನ ಪರ್ಮಿಟಲ್ಲಿ ಪಾಸ್‌ಪೋರ್ಟ್ ನಂಬರಿನ ಒಂದು ಅಂಕಿ ತಪ್ಪು, 1 ಇರೋ ಕಡೆ 7. ಕೌಂಟರಿಗೆ ಹೋಗೋ ತನಕ ಯಾರೂ ನೋಡಿರ್ಲಿಲ್ಲ. ಅವನನ್ನ ಬಿಟ್ಟು ಬಸ್ ಹೊರಟಿದೆ. ನಮ್ಮವನು ಕೈಲಿ ಉಳಿದಿದ್ದ 600 ದಿರ್ಹಮಲ್ಲಿ 400 ಮತ್ತೆ ಒಂದು ಜೊತೆ ಬಟ್ಟೆ ಅವನಿಗೆ ಕೊಟ್ಟು ಬಂದಿದಾನೆ. ಆ ಸಹಾಯವಾಣಿ ನಂಬರೂ ಬರ್ಕೊಟ್ಟನಂತೆ.

ದೇರಾದಲ್ಲಿ_ಬಂಗಾರಪೇಟೆ · ರಾತ್ರಿ 10:48

ಅಕ್ಕ ಆ ಹುಡುಗನ ನಂಬರ್ ಇದ್ರೆ ತಮ್ಮನ ಕೈಲಿ ನಂಗೆ ಕಳಿಸಕ್ಕೆ ಹೇಳಿ. ಒಮಾನಿನ ಸೊಹಾರಲ್ಲಿ ನಮ್ಮ ಕಡೆಯವರೊಬ್ಬರು ಇದಾರೆ, ನಾಳೆ ಬೆಳಗ್ಗೆ ಹೋಗಿ ನೋಡ್ತಾರೆ.

ಶಿಡ್ಲಘಟ್ಟದಕ್ಕ · ರಾತ್ರಿ 10:50

ಈಗ್ಲೇ ಕಳಿಸ್ತೀನಿ ಅಣ್ಣ.

ಗೌರಿಬಿದನೂರು_ಎಕ್ಸ್‌ಪ್ರೆಸ್ · ರಾತ್ರಿ 11:02

ಅಮ್ಮ ಊಟ ಮಾಡಿದ್ರಾ?

ಶಿಡ್ಲಘಟ್ಟದಕ್ಕ · ರಾತ್ರಿ 11:06

ಮುದ್ದೆ, ಸೊಪ್ಪಿನ ಸಾರು. ಎರಡನೇ ಮುದ್ದೆ ಅವರಾಗೇ ಕೇಳಿ ಹಾಕಿಸ್ಕೊಂಡ್ರು.

ಮಧುಗಿರಿ_ಬೆಟ್ಟ · ಬುಧವಾರ ಬೆಳಗ್ಗೆ 8:12

ನಮಸ್ಕಾರ, ಎಲ್ಲ ಓದಿದೆ. ನಮ್ಮ ಭಾವಂದೂ ವಿಸಿಟ್ ವೀಸಾ, 30 ದಿನದ್ದು, ಅದರಲ್ಲಿ 22 ಆಗಿದೆ. ಪಾಸ್‌ಪೋರ್ಟಲ್ಲಿ ಇಸಿಆರ್ ಅಂತ ಇದೆ, ಅಂದ್ರೆ ಕೆಲವು ದೇಶಕ್ಕೆ ಕೆಲಸಕ್ಕೆ ಹೋಗಕ್ಕೆ ಸರ್ಕಾರದ ಕ್ಲಿಯರೆನ್ಸ್ ಬೇಕು ಅಂತ, ಹತ್ತನೇ ಕ್ಲಾಸ್ ಪಾಸಾಗಿಲ್ಲ. ಅವರಿಗೆ ಬೇರೆ ಏನಾದ್ರೂ ಮಾಡಿಸ್ಬೇಕಾ?